ಅಪ್ಪ ಅವಳಿಗೆ ಹೇಳಿದ್ದು

ಹೋದ ತಿಂಗಳು ಅವಳು ಹುಬ್ಬಳ್ಳಿ ಬಿಟ್ಟು ಹೋದಳು. ಬೀದರ ಕಡೆಯ ಒಂದು ತಾಲೂಕಾ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ಕೆಲಸ ಸಿಕ್ಕಿತ್ತು. ಕಳಿಸಿಕೊಡಲು ಗೋಕುಲ ರೋಡಿನ ಬಸ್ ನಿಲ್ದಾಣಕ್ಕೆ ಹೋದರೆ, ನನಗಿಂತ ಮೊದಲೇ ಅಲ್ಲಿ ಒಂದು ಸಣ್ಣ ಸಂತೆ ನೆರೆದಿತ್ತು. ಆಪರೇಷನ್ ಥಿಯೇಟರಿನ ಆಯಾಗಳು, ನಮ್ಮ ಹಳೆಯ ಹಾಸ್ಟೆಲಿನ ಅಡುಗೆಯವರು, ಅವಳು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯವನು. ಅವರ ನಡುವೆ ನಮ್ಮ ಅವ್ವ. ಅವ್ವ ನನಗೊಂದು ಮಾತೂ ಹೇಳದೆ ಉಣಕಲ್ಲಿನಿಂದ ಬಸ್ಸು ಹಿಡಿದು ಬಂದಿದ್ದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ.

"ಮಾದಲಿ ಮಾಡೀನಿ. ಹಾದ್ಯಾಗ ತಿನ್ನವಾ. ಹಾಲು ಸಿಕ್ರ ಹಾಕ್ಕೋ, ಇಲ್ಲಂದ್ರ ಹಂಗ ತಿನ್ನು" ಎಂದು ಅವಳ ಗಲ್ಲ ಸವರಿದಳು.

ಗೋದಿ, ಬೆಲ್ಲದ ಆ ಮಾದಲಿ ನನಗೂ ಇಷ್ಟ. ಮನೆಯಲ್ಲಿ ಉಳಿದಿದೆಯೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಬಸ್ಸು ಹೊರಟಾಗ ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಕೈ ಬೀಸಿದೆ. ಅವಳ ಮೇಲೆ ನನಗೆ ಇದ್ದದ್ದೇನು ಎಂದು ಯಾರಾದರೂ ಕೇಳಿದರೆ ಸ್ನೇಹ ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಆದರೆ ಸ್ನೇಹಕ್ಕಿಂತ ಮೊದಲು ಹುಟ್ಟಿದ್ದು, ಇವತ್ತಿಗೂ ಆರದೆ ಉಳಿದದ್ದು ಹೊಟ್ಟೆಕಿಚ್ಚು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳು ಬೇಸರ ಮಾಡಿಕೊಳ್ಳುವವಳಲ್ಲ. ಇದನ್ನೇ ಊರ ತುಂಬ ತೋರಿಸಿಕೊಂಡು ಅಡ್ಡಾಡುತ್ತಾಳೆ. ಅದೂ ನನಗೆ ಬೇಡ.

ಅವಳು ಉಪ್ಪಿನಬೆಟಗೇರಿ ಎಂಬ ಹಳ್ಳಿಯವಳು. ಎಂ.ಬಿ.ಬಿ.ಎಸ್. ಮೊದಲ ವರ್ಷದಿಂದಲೂ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ನಮ್ಮ ಮನೆ ಕಾಲೇಜಿನ ಹತ್ತಿರ ಉಣಕಲ್ಲಿನಲ್ಲೇ ಇದ್ದರೂ ಅಪ್ಪ ನನ್ನನ್ನು ಹಾಸ್ಟೆಲಿಗೆ ಹಾಕಿದ್ದರು. "ಮನ್ಯಾಗ ಮಂದಿ ಬರ್ತಾರ, ಹೋಗ್ತಾರ. ಓದು ಆಗಂಗಿಲ್ಲ" ಎಂಬುದು ಅವರ ಲೆಕ್ಕ. ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಬದುಕಿಡೀ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು ಓಡಾಡಿದವರು. ಮನೆಗೆ ಬಂದ ಮೇಲೂ ಹಾಗೆಯೇ ಇರುತ್ತಿದ್ದರು. ಅವ್ವನಿಗೆ ನಾನು 'ನೀನು' ಅನ್ನುತ್ತಿದ್ದೆ, ಅಪ್ಪನಿಗೆ 'ನೀವು'. ನನ್ನ ಜೊತೆ ಅವರ ಮಾತೆಂದರೆ ಪರೀಕ್ಷೆ ಯಾವಾಗ, ಎಷ್ಟು ಬಂತು, ಮುಂದಿನದು ಯಾವಾಗ. ಇದರಲ್ಲಿ ನನಗೇನೂ ಕೊರತೆ ಕಾಣುತ್ತಿರಲಿಲ್ಲ. ಎಲ್ಲ ಅಪ್ಪಂದಿರೂ ಹೀಗೇ ಇರುತ್ತಾರೆ ಅಂದುಕೊಂಡಿದ್ದೆ.

ಅವಳ ಮನೆಯಲ್ಲಿ ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲರೂ ಒಟ್ಟಿಗೆ. ಅಲ್ಲಿಂದ ವಾರಕ್ಕೊಮ್ಮೆ ರೊಟ್ಟಿಯ ಗಂಟು ಬರುತ್ತಿತ್ತು, ಜೊತೆಗೆ ಶೇಂಗಾ ಚಟ್ನಿ, ಕೆಂಪು ಖಾರ. ಗಂಟು ಬಿಚ್ಚಿದರೆ ಬಾಗಿಲು ತೆರೆದಿಟ್ಟೇ ಬಿಚ್ಚುತ್ತಿದ್ದಳು. ಕುಳ್ಳು, ಗುಂಡುಮುಖ, ತಲೆತುಂಬ ಎಣ್ಣೆ. ದನಿ ಮಾತ್ರ ಹೊಲದ ಆ ಬದುವಿನಿಂದ ಈ ಬದುವಿಗೆ ಕರೆಯುವವರ ದನಿ. ನಮ್ಮ ಕೋಣೆಯಲ್ಲಿ ಅವಳು ಪಿಸುಗುಟ್ಟಿದರೆ ಮೂರನೆಯ ಕೋಣೆಯವರು ಉತ್ತರ ಕೊಡುತ್ತಿದ್ದರು. ಓದಿನಲ್ಲಿ ಸಾಧಾರಣ. ಪುಸ್ತಕ ಹಿಡಿದರೆ ನಿದ್ದೆ ಬರುತ್ತಿತ್ತು, ಅದಕ್ಕೇ ಓದಿದ್ದನ್ನು ಯಾರಿಗಾದರೂ ಹೇಳುತ್ತಾ ಕಲಿಯುತ್ತಿದ್ದಳು. ಕೋಣೆ ಗುಡಿಸಲು ಬರುತ್ತಿದ್ದ ಹೆಂಗಸು ಕಸಬರಿಗೆ ಹಿಡಿದು ನಿಂತು ಇವಳಿಂದ ಕಾಮಾಲೆಯ ಪಾಠ ಕೇಳಿದ್ದನ್ನು ನಾನೇ ನೋಡಿದ್ದೇನೆ. ನಾನು ಕ್ಲಾಸಿಗೆ ಮೊದಲಿಗಳು. ಅವಳನ್ನು ಕಂಡು ಹೊಟ್ಟೆ ಉರಿದುಕೊಳ್ಳಲು ನನಗೆ ಆಗ ಕಾರಣವೇ ಇರಲಿಲ್ಲ. ಕಾರಣ ಒದಗಿಸಿದ್ದು ಕೊರೊನಾ.

ಮೊದಲ ಅಲೆಯಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಮೊಬೈಲಿನಲ್ಲಿ ಪಾಠ ಕೇಳಿದೆವು. ಎರಡನೆಯ ಅಲೆ ಬರುವ ಹೊತ್ತಿಗೆ ನಾವು ಕೊನೆಯ ವರ್ಷದವರು. ಮನೆಗೆ ಕಳಿಸುವ ಬದಲು ಕೆಲಸಕ್ಕೆ ಹಚ್ಚಿದರು. ನಮ್ಮ ಮನೆ ಕಣ್ಣಳತೆಯಲ್ಲಿದ್ದರೂ ನಾನು ಹೋಗುವಂತಿರಲಿಲ್ಲ. ಅಪ್ಪ ಅವ್ವನಿಗೆ ರೋಗ ಹೊತ್ತುಕೊಂಡು ಹೋದರೆ ಎಂಬ ಹೆದರಿಕೆ. ಏಪ್ರಿಲ್ ತಿಂಗಳ ಬಿಸಿಲು. ಪಿಪಿಇ ಕಿಟ್ಟು ತೊಟ್ಟರೆ ಅಂಗಾಲಿನವರೆಗೂ ಬೆವರು ಇಳಿಯುತ್ತಿತ್ತು. ನಿನ್ನೆ ಮಾತಾಡಿಸಿದ ಹಾಸಿಗೆಯಲ್ಲಿ ಇವತ್ತು ಬೇರೊಬ್ಬರು ಇರುತ್ತಿದ್ದರು.

ಆ ದಿನಗಳನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕಳೆದರು. ಎದುರು ಕೋಣೆಯ ಹುಡುಗಿ ಸೋಮವಾರ ಉಪವಾಸ ಹಿಡಿದಳು, ಆಮೇಲೆ ಗುರುವಾರವನ್ನೂ ಸೇರಿಸಿದಳು. ಇನ್ನೊಬ್ಬಳು ಬಟ್ಟೆಗಳನ್ನು ಒಗೆದು ಒಣಹಾಕಿ, ಒಣಗಿದ ಮೇಲೆ ಮತ್ತೆ ಒಗೆಯುತ್ತಿದ್ದಳು. ಹುಡುಗರು ತಮ್ಮ ಹಾಸ್ಟೆಲಿನ ಟೆರೇಸಿನ ಮೇಲೆ ಕೇರಂ ಹಚ್ಚುತ್ತಿದ್ದರು, ಬಾಯಿಗೆ ಬಂದ ಜೋಕು ಮಾಡುತ್ತಿದ್ದರು. ಆ ಜೋಕುಗಳನ್ನು ಇಲ್ಲಿ ಬರೆಯಲಾಗದು. ನಾನು ವೇಳಾಪಟ್ಟಿ ಹಾಕಿದೆ. ಏಳುವುದು, ಓದುವುದು, ಡ್ಯೂಟಿ, ಕೈ ತೊಳೆಯುವುದು, ಆಕ್ಸಿಮೀಟರನ್ನು ನನ್ನದೇ ಬೆರಳಿಗೆ ಹಾಕಿಕೊಂಡು ನೋಡುವುದು. ಕೈ ತೊಳೆದೂ ತೊಳೆದೂ ಬೆರಳ ಸಂದಿನ ಚರ್ಮ ಸೀಳಿತು. ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಮಲಗಿದರೆ ವಾರ್ಡಿನ ಮಾನಿಟರುಗಳ ಸದ್ದು ಕಿವಿಯಲ್ಲಿ ಇರುತ್ತಿತ್ತು.

ಅವಳು ಅಳುತ್ತಿದ್ದಳು. ಅಷ್ಟೆ. ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಬಚ್ಚಲಮನೆಯ ಮೆಟ್ಟಿಲ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಅಳುತ್ತಿದ್ದಳು. ಮರೆ ಇಲ್ಲ, ಸಂಕೋಚ ಇಲ್ಲ. ಯಾರಾದರೂ ಹತ್ತಿರ ಹೋಗಿ ಬೆನ್ನು ಸವರಿದರೆ, "ಏನಿಲ್ಲವಾ, ನೀ ಹೋಗು. ಅತ್ತು ಮುಗಿಸಿ ಬರತೇನಿ. ನನಗ ಒಂದು ಚಾ ಹೇಳಿಟ್ಟಿರು" ಎನ್ನುತ್ತಿದ್ದಳು. ಅತ್ತು ಮುಗಿಸಿ ಬಂದು ಚಹಾ ಕುಡಿದು, ತಟ್ಟೆತುಂಬ ಉಂಡು, ಆ ಮಟಮಟ ಮಧ್ಯಾಹ್ನದಲ್ಲಿ ಫ್ಯಾನಿನ ಕೆಳಗೆ ಅಂಗಾತ ಮಲಗಿ ನಿದ್ದೆ ಹೋಗುತ್ತಿದ್ದಳು. ನಾನು ಎದುರಿನ ಮಂಚದ ಮೇಲೆ ಕುಳಿತು ಅವಳ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದೆ. ಇನ್ನೊಬ್ಬರ ಅಂಕಗಳನ್ನು ಕಂಡು ಕರುಬಿದವರನ್ನು ನಾನು ನೋಡಿದ್ದೆ. ಇನ್ನೊಬ್ಬರ ನಿದ್ದೆಯನ್ನು ಕಂಡು ಕರುಬಿದವಳು ಬಹುಶಃ ನಾನೊಬ್ಬಳೇ.

ಕಾಲೇಜಿನವರು ನಮಗಾಗಿ ಒಬ್ಬ ಆಪ್ತಸಮಾಲೋಚಕಿಯನ್ನು ಮೊಬೈಲಿನಲ್ಲಿ ಕೂರಿಸಿದ್ದರು. ಬೆಂಗಳೂರಿನ ಕಡೆಯ ಮೆತ್ತನೆಯ ದನಿಯ ಹೆಂಗಸು. ನಿಮ್ಮ ಒತ್ತಡಕ್ಕೆ ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನು ನಾಲ್ಕು ಎಂದೆ. ತುಂಬ ಹೇಳಿದರೆ ಕೆಲಸದಿಂದ ತೆಗೆದಾರು ಎಂಬ ಭಯ. ಅವಳ ಸರದಿ ಬಂತು.

"ಈಗ ಹಸಿವ್ಯಾಗೇತ್ರಿ ಮೇಡಂ, ಹತ್ತಕ್ಕ ಹತ್ತು ಅನಸಾಕತ್ತೈತಿ. ಉಂಡ ಮ್ಯಾಲೆ ಕೇಳಿದ್ರ ಖರೇ ಹೇಳತೇನಿ" ಎಂದಳು.

ಆ ಹೆಂಗಸು ನಕ್ಕುಬಿಟ್ಟರು. ಎಲ್ಲರೂ ನಕ್ಕರು. ಸಭೆ ಮುಗಿಯುವ ಮುಂಚೆ, ನೀವು ನನಗೆ ಬೇರೆಯಾಗಿ ಒಮ್ಮೆ ಫೋನ್ ಮಾಡಿ ಎಂದು ಅವರು ಅವಳಿಗೇ ಹೇಳಿದರು. ಫೋನ್ ಬೇಕಾಗಿದ್ದದ್ದು ನನಗೆ.

ನಮಗೆ ಕೊಟ್ಟ ಮೊದಲ ಕೆಲಸ ಫೋನಿನದು. ಒಳಗೆ ಮಲಗಿದವರ ಮನೆಯವರು ಆಸ್ಪತ್ರೆಯೊಳಗೆ ಬರುವಂತಿರಲಿಲ್ಲ. ಅವರಿಗೆ ದಿನಾ ಫೋನ್ ಮಾಡಿ, ನಿಮ್ಮವರು ಹೀಗಿದ್ದಾರೆ ಎಂದು ಹೇಳಬೇಕು. ಉದ್ದನೆಯ ಟೇಬಲ್, ಸಾಲು ಕುರ್ಚಿ, ಎದುರಿಗೆ ಆ ದಿನದ ವರದಿ. ಈ ಕೆಲಸದ ಉಸ್ತುವಾರಿಯನ್ನು ಪ್ರೊಫೆಸರರು ನನಗೆ ವಹಿಸಿದ್ದರು. ನಾನು ಸ್ಪಷ್ಟವಾಗಿ, ಚಿಕ್ಕದಾಗಿ, ತಪ್ಪಿಲ್ಲದೆ ಹೇಳುತ್ತಿದ್ದೆ. ಆಕ್ಸಿಜನ್ ಇಷ್ಟು, ಜ್ವರ ಇಲ್ಲ, ನಾಳೆ ಮತ್ತೆ ತಿಳಿಸುತ್ತೇವೆ.

ಅವಳು ಫೋನ್ ಹಚ್ಚಿದ ಕೂಡಲೇ ಕೇಳುತ್ತಿದ್ದದ್ದು "ಊಟ ಆತೇನ್ರಿ?" ಎಂದು. ಆಮೇಲೆ ಮಳೆ ಬಂತೇ, ಎಮ್ಮೆ ಕರು ಹಾಕಿತೇ. ಅವೆಲ್ಲ ಆದ ಮೇಲೆ, "ನಿಮ್ಮ ಯಜಮಾನ್ರು ಇವತ್ತ ಎರಡು ಇಡ್ಲಿ ತಿಂದಾರ್ರಿ. ಚಟ್ನಿ ಸಪ್ಪಗೈತಿ ಅಂತ ಬೈದಾರ. ಬೈಯ್ಯಾಕ ಉಸುರು ಐತಿ ಅಂದ್ರ ಛಲೋ ಅಲ್ರಿ?" ವಾರ ಕಳೆಯುವುದರೊಳಗೆ ನನ್ನ ಫೋನಿಗೆ ಉತ್ತರ ಕೊಡುವವರು ಕೇಳತೊಡಗಿದರು: "ಅವರಿಲ್ಲೇನ್ರಿ, ಊಟ ಕೇಳೋ ಮೇಡಂ?"

ಪ್ರೊಫೆಸರರೂ ಒಂದು ದಿನ ನನ್ನ ಹಿಂದೆ ನಿಂತು ಕೇಳಿಸಿಕೊಂಡು, "ನೀ ಹೇಳೋದೆಲ್ಲಾ ಬರೋಬ್ಬರಿ ಐತಿ. ಆದ್ರ ಅವರಿಗೆ ಮುಟ್ಟವಲ್ದು. ಆಕಿ ಹ್ಯಾಂಗ ಮಾತಾಡ್ತಾಳ ನೋಡು" ಎಂದರು. ಐದು ವರ್ಷದಲ್ಲಿ ಯಾರನ್ನಾದರೂ ನೋಡಿ ಕಲಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆದರೂ ಕಲಿಯಲು ನೋಡಿದೆ. ಮರುದಿನ ನವಲಗುಂದದ ಒಬ್ಬರಿಗೆ ಫೋನ್ ಹಚ್ಚಿ, ಮೊದಲಿಗೇ "ಊಟ ಆತೇನ್ರಿ?" ಎಂದೆ. "ಯಾಕ್ರಿ ಮೇಡಂ? ಏನಾತ್ರಿ? ನಮ್ಮ ತಮ್ಮಗ ಏನಾತು, ಖರೇ ಹೇಳಿಬಿಡ್ರಿ" ಎಂದು ಆ ಮನುಷ್ಯ ಗೋಗರೆಯತೊಡಗಿದ. ಅವನ ತಮ್ಮ ಆರಾಮವಾಗಿದ್ದ, ಎರಡು ದಿನದಲ್ಲಿ ಮನೆಗೆ ಹೋಗುವವನಿದ್ದ. ನನ್ನ ಬಾಯಲ್ಲಿ ಆ ಮಾತು ಸಾವಿನ ಸುದ್ದಿಯ ಹಾಗೆ ಕೇಳಿಸಿತ್ತು. ಅವನನ್ನು ಸಮಾಧಾನ ಮಾಡಲು ಕೊನೆಗೆ ಅವಳೇ ಫೋನ್ ತೆಗೆದುಕೊಳ್ಳಬೇಕಾಯಿತು.

ನಿಜವಾದ ಸಾವಿನ ಸುದ್ದಿಯನ್ನು ಸೀನಿಯರ್ ಡಾಕ್ಟರರೇ ತಿಳಿಸಬೇಕು ಎಂಬುದು ನಿಯಮ. ಒಮ್ಮೆ ಮಾತ್ರ ಅವರು ಹೇಳಿ ಇಟ್ಟ ಮೇಲೆ ಆ ಮನೆಯ ಹೆಂಗಸು ತಾನೇ ತಿರುಗಿ ಫೋನ್ ಮಾಡಿದಳು, ಇವಳನ್ನೇ ಕೇಳಿದಳು. ಇವಳು ರಿಸೀವರ್ ಹಿಡಿದು "ಹೂಂನವ್ವಾ" ಎಂದಳು. ಆಮೇಲೆ ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಆ ಕಡೆ ಅಳು, ಈ ಕಡೆ ಇವಳ ಉಸಿರು. ಲೈನು ಬಿಡು, ಬೇರೆ ಫೋನುಗಳು ಕಾಯುತ್ತಿವೆ ಎಂದು ನಾನು ಸನ್ನೆ ಮಾಡಿದೆ. ನನ್ನತ್ತ ನೋಡಿದಳು, ಇಡಲಿಲ್ಲ. ಹಾಗೆ ಸುಮ್ಮನಿರಲು ನನಗೆ ಯಾರೂ ಕಲಿಸಿರಲಿಲ್ಲ. ಅವಳಿಗೂ ಯಾರೂ ಕಲಿಸಿರಲಿಲ್ಲ, ಉರಿದದ್ದು ಅದಕ್ಕೆ.

ಮೇ ತಿಂಗಳಲ್ಲಿ ಅವಳನ್ನು ಒಳಗೆ ವಾರ್ಡಿಗೆ ಹಾಕಿದರು. ಅದೇ ವಾರ ನನಗೆ ಜ್ವರ ಬಂದು ಪಾಸಿಟಿವ್ ಆಯಿತು; ಹಾಸ್ಟೆಲಿನ ಮೇಲಂತಸ್ತಿನ ಒಂದು ಕೋಣೆಯಲ್ಲಿ ನನ್ನನ್ನು ಬೇರೆ ಇಟ್ಟರು. ಮೂರನೆಯ ದಿನ ಅವ್ವನ ಫೋನ್ ಬಂತು. ಅಪ್ಪನಿಗೆ ಉಸಿರಾಡಲು ಆಗುತ್ತಿಲ್ಲ, ಆಂಬುಲೆನ್ಸಿನಲ್ಲಿ ಕರೆದೊಯ್ದರು ಎಂದಳು. ಅಪ್ಪ ಬಂದದ್ದು ನಮ್ಮ ಆಸ್ಪತ್ರೆಗೇ. ಕಿಟಕಿಯಿಂದ ನೋಡಿದರೆ ಆ ಕಟ್ಟಡ ಕಾಣುತ್ತಿತ್ತು. ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಅಪ್ಪ ಇದ್ದದ್ದು ಅವಳ ವಾರ್ಡಿನಲ್ಲಿ.

ಸಂಜೆ ಅವಳ ಫೋನ್ ಬಂತು.

"ಊಟ ಆತೇನಲೇ?"

ನವಲಗುಂದದ ಆ ಮನುಷ್ಯನಿಗೆ ಆ ಮಾತು ಹೇಗೆ ಕೇಳಿಸಿತ್ತೋ ನನಗೂ ಹಾಗೇ ಕೇಳಿಸಿತು.

"ಸ್ಯಾಚುರೇಷನ್ ಹೇಳು" ಎಂದೆ.

ಹೇಳಿದಳು. ನಾನು ಕೇಳಿದ ಅಂಕಿಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಛಲೋ ಇರಲಿಲ್ಲ. ಆಮೇಲೆ ಅಂದಳು, "ಕಾಕಾ ಹಾಡು ಹೇಳಿದ್ರು ಇವತ್ತ."

"ಯಾವ ಕಾಕಾ?"

"ನಿಮ್ಮಪ್ಪಲೇ. ಬಾಜೂಕಿನ ಬೆಡ್ಡಿನ ಅಜ್ಜ ಬಾಳ ಅಂಜಿಕೊಂಡಿದ್ದ. ಅವಗ ಸಮಾಧಾನ ಆಗಲಿ ಅಂತ ಹಳೇ ಸಿನಿಮಾದ್ದೊಂದು ಹಾಡು ಹೇಳಾಕ ಹತ್ತಿದ್ರು. ದಮ್ಮು ಸಾಲಲಿಲ್ಲ, ನಾ ಬೈದು ಮಲಗಿಸಿದೆ. ಛಲೋ ದನಿ ಐತಿ."

ಅಪ್ಪ ಹಾಡುವುದನ್ನು ನಾನು ಎಂದೂ ಕೇಳಿರಲಿಲ್ಲ. ಅವರಿಗೆ ಹಾಡು ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಲಗ್ನಾದ ಹೊಸದಾಗಿ ಹೇಳ್ತಿದ್ರವಾ" ಎಂದು ಅವ್ವ ಅತ್ತಳು.

ಆಮೇಲೆ ದಿನಾ ಹೀಗೇ. ಒಂದು ದಿನ ಅವಳೆಂದಳು, "ಇವತ್ತ ಅಂಜ್ಯಾರ. ಎರಡೂ ಕೈಲೆ ನನ್ನ ಕೈ ಹಿಡಕೊಂಡು ಬಿಡವಲ್ರು. ನಾನೂ ಸುಮ್ಮ ಕುಂತೆ." ನಾನು ಫೋನ್ ಇಟ್ಟು ನನ್ನ ಅಂಗೈ ನೋಡಿಕೊಂಡೆ. ಸಣ್ಣವಳಿದ್ದಾಗ ರೈಲ್ವೆ ಕ್ವಾರ್ಟರ್ಸಿನಿಂದ ಶಾಲೆಗೆ ಹೋಗುವಾಗ ಹಳಿ ದಾಟಿಸಲು ಅಪ್ಪ ನನ್ನ ಕೈ ಹಿಡಿಯುತ್ತಿದ್ದರು. ಹಳಿ ದಾಟಿದ ಕೂಡಲೇ ಬಿಡುತ್ತಿದ್ದರು. ನನ್ನ ಪಾಲಿಗೆ ಅಷ್ಟೇ ಇತ್ತು.

ಮತ್ತೊಂದು ದಿನ ಅಪ್ಪನಿಗೆ ಮೊಬೈಲ್ ಹಿಡಿಸಿ ನನ್ನ ಜೊತೆ ವಿಡಿಯೋದಲ್ಲಿ ಮಾತಾಡಿಸಿದಳು. ಮಾಸ್ಕಿನ ಹಿಂದೆ ಅವರ ಮುಖ ಅರ್ಧವೇ ಕಾಣುತ್ತಿತ್ತು. "ಜ್ವರ ಹೋತೇನು?" ಎಂದರು. ಹೋಯಿತು ಎಂದೆ. "ಓದಾಕತ್ತಿಯೇನು?" ಹೂಂ ಎಂದೆ. ಅಲ್ಲಿಗೆ ಮುಗಿಯಿತು. ಮೊಬೈಲ್ ಇನ್ನೂ ಬಂದ್ ಆಗಿರಲಿಲ್ಲ, ಅವಳ ದನಿ ಕೇಳಿಸಿತು: "ಕಾಕಾ, ನೀ ಈಗ ಬೋರಲ ಮಲಗು ನೋಡೋಣು. ಆ ಗಾಡಿ ಸುದ್ದಿ ಆಮ್ಯಾಲೆ ಹೇಳೀಯಂತ." ನಾನು ಹುಟ್ಟಿದಾಗಿನಿಂದ 'ನೀವು' ಎನ್ನುತ್ತಿದ್ದ ಮನುಷ್ಯನಿಗೆ ಅವಳು 'ನೀ' ಎನ್ನುತ್ತಿದ್ದಳು. ಅದಕ್ಕೆ ಅಪ್ಪ ನಕ್ಕದ್ದೂ ಕೇಳಿಸಿತು.

ಅಪ್ಪನನ್ನು ಐಸಿಯುಗೆ ಹಾಕಿದರು. ಅಲ್ಲಿಗೂ ಅವಳು ಕೇಳಿ ಹಾಕಿಸಿಕೊಂಡು ಹೋದಳು. ಆ ದಿನಗಳಲ್ಲಿ ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು, ಅಂಕಿಗಳನ್ನಷ್ಟೇ ಹೇಳುತ್ತಿದ್ದಳು. ಏನಾದ್ರೂ ಮಾತಾಡಿದ್ರೇನು ಎಂದು ನಾನು ಕೇಳಿದರೆ, "ಮಾತಾಡ್ತಾರ" ಎನ್ನುತ್ತಿದ್ದಳು, ಅಷ್ಟೇ. ಏನು ಎಂದು ಹೇಳುತ್ತಿರಲಿಲ್ಲ. ನನಗೂ ಒತ್ತಿ ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಅದೇ ಕೊನೆಯ ಮಾತಾಗಿಬಿಟ್ಟರೆ ಎಂದು.

ಅಪ್ಪ ಉಳಿದರು. ನಾನು ಕೋಣೆಯಿಂದ ಹೊರಬಂದರೂ ಡ್ಯೂಟಿ ಇಲ್ಲದವರನ್ನು ಐಸಿಯು ಒಳಗೆ ಬಿಡುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ, ಒಂದು ಬೆಳಿಗ್ಗೆ ಅವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಅಂಗಿಯೊಳಗೆ ಮನುಷ್ಯನೇ ಇಲ್ಲವೇನೋ ಎಂಬಷ್ಟು ಸೊರಗಿದ್ದರು. ನಾನು ಓಡಿಹೋಗಿ ಕಾಲು ಮುಟ್ಟಿದೆ. "ಪರೀಕ್ಷಾ ಮುಂದ ಹೋತೇನು?" ಎಂದರು. ಆಮೇಲೆ ಕುತ್ತಿಗೆ ಹೊರಳಿಸಿ ಅತ್ತಿತ್ತ ಹುಡುಕಿದರು.

"ಆಕಿ ಎಲ್ಲೆದಾಳ?"

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅಲ್ಲಿಯವರೆಗೆ ಅವಳನ್ನು ನಾನು ಮನೆಗೆ ಕರೆದೊಯ್ದಿರಲಿಲ್ಲ; ಕಿಟ್ಟು, ಕನ್ನಡಕ, ಮಾಸ್ಕಿನೊಳಗೆ ಅಪ್ಪ ಅವಳ ಮುಖವನ್ನೇ ನೋಡಿರಲಿಲ್ಲ. "ಇಲ್ಲೇ ಅದೀನಿ ಕಾಕಾ" ಎಂದಳು. ಆ ದನಿ ಕೇಳಿದ್ದೇ ಅಪ್ಪನ ಮುಖ ಅರಳಿತು.

"ಯವ್ವಾ, ಇಷ್ಟ ಸಣ್ಣಾಕಿ ಅದೀಯೇನು. ನಾ ದೊಡ್ಡಾಕಿ ಅಂತ ತಿಳದಿದ್ನಿ" ಎಂದರು. ಕಣ್ಣಲ್ಲಿ ನೀರಿತ್ತು. ಅವಳಂತೂ ಅಲ್ಲೇ ನಿಂತು ಎಲ್ಲರೆದುರಿಗೆ ಅತ್ತಳು. ನಾನು ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಲು ಒಳಗೆ ಹೋದೆ.

ಅಲ್ಲಿಂದ ಮುಂದೆ ಅವಳು ಭಾನುವಾರಕ್ಕೊಮ್ಮೆ ಉಣಕಲ್ಲಿನ ನಮ್ಮ ಮನೆಗೆ ಬರತೊಡಗಿದಳು. ನನ್ನ ಜೊತೆಯೇ ಬರುತ್ತಿದ್ದಳು, ಆದರೆ ಚಪ್ಪಲಿ ಬಿಟ್ಟ ಕೂಡಲೇ ಅವಳು ಅಪ್ಪನ ಅತಿಥಿ. ಅಪ್ಪ ಅವಳಿಗೆ ಘಟ್ಟದ ಕತೆಗಳನ್ನು ಹೇಳುತ್ತಿದ್ದರು. ಕ್ಯಾಸಲ್ ರಾಕ್ ಸ್ಟೇಷನ್ ದಾಟಿ ಇಳಿಜಾರಿನಲ್ಲಿ ಗಾಡಿ ನಿಂತುಬಿಟ್ಟದ್ದು, ಮಳೆಯಲ್ಲಿ ಕೊನೆಯ ಡಬ್ಬಿಯೊಳಗೆ ಒಬ್ಬರೇ ದಿನವಿಡೀ ಕುಳಿತದ್ದು, ಮಂಜಿನಲ್ಲಿ ಮುಂದಿನ ಎಂಜಿನ್ನೇ ಕಾಣದೆ ಅದರ ಸೀಟಿಯನ್ನಷ್ಟೇ ನಂಬಿಕೊಂಡು ಹೋಗಿದ್ದು. ನಾನು ಅಡುಗೆಮನೆಯಲ್ಲಿ ಅವ್ವನಿಗೆ ಭಜಿಗೆ ಈರುಳ್ಳಿ ಹೆಚ್ಚಿಕೊಡುತ್ತಾ ಆ ಕತೆಗಳನ್ನು ಗೋಡೆಯ ಈ ಕಡೆಯಿಂದ ಕೇಳಿದ್ದೇನೆ. ಹೊರಗೆ ಹೋಗಿ ಕುಳಿತರೆ ಅಪ್ಪ ಮಾತು ನಿಲ್ಲಿಸಿ, "ಓದೋದಿಲ್ಲೇನು?" ಎನ್ನುತ್ತಿದ್ದರು. ಅವರಿಗೆ ನನ್ನನ್ನು ಕಂಡರೆ ಪ್ರೀತಿ ಇರಲಿಲ್ಲ ಎಂದಲ್ಲ. ನನ್ನನ್ನು ಕಂಡರೆ ಅವರಿಗೆ ಪರೀಕ್ಷೆ ನೆನಪಾಗುತ್ತಿತ್ತು.

ಪರೀಕ್ಷೆ ಬಂತು. ಫಲಿತಾಂಶದ ದಿನ ನೋಡಿದರೆ ನಾನು ಇಡೀ ಕಾಲೇಜಿಗೇ ಮೊದಲಿಗಳು, ಪದಕ ನನ್ನದೇ. ಅವಳು ಮೆಡಿಸಿನ್ ವಿಷಯದಲ್ಲಿ ನಪಾಸಾಗಿದ್ದಳು. ಇವತ್ತಾದರೂ ದಿನ ನನ್ನದು ಎಂದುಕೊಂಡು ಕೋಣೆಗೆ ಬಂದರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ಹಾಸ್ಟೆಲು ಅವಳ ಮಂಚದ ಸುತ್ತ. ಒಬ್ಬಳು ಮಂಡಕ್ಕಿಯ ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದಳು, ಇನ್ನೊಬ್ಬಳು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳು ಬಿಕ್ಕುತ್ತಾ ಬಿಕ್ಕುತ್ತಾ ಗಿರ್ಮಿಟ್ ತಿನ್ನುತ್ತಿದ್ದಳು. ನನ್ನನ್ನು ನೋಡಿದ್ದೇ ಎದ್ದು ಬಂದು ತಬ್ಬಿಕೊಂಡು, "ನೀ ಫಸ್ಟ್ ಬಂದಿ, ನನಗ ಭಾಳ ಖುಷಿ ಆತಲೇ" ಎಂದಳು. ಖರೇ ಖುಷಿ ಆಗಿತ್ತು. ಅವಳ ಮುಖ ಅಷ್ಟು ಹತ್ತಿರದಲ್ಲಿತ್ತು, ನಾನು ಹುಡುಕಿ ನೋಡಿದೆ, ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನನ್ನಿಂದ ಇದು ಆಗುತ್ತಿರಲಿಲ್ಲ.

ಅಪ್ಪನ ಫೋನ್ ಬಂತು. "ಛಲೋ ಆತು" ಎಂದರು. ಒಂದು ಕ್ಷಣ ಬಿಟ್ಟು, "ಆಕಿದು?" ಎಂದರು. ಹೇಳಿದೆ. "ಆಕಿ ಕೈಯಾಗ ಕೊಡು." ಕೊಟ್ಟೆ. ಅವರು ಅವಳ ಜೊತೆ ಮಾತಾಡುತ್ತಲೇ ಇದ್ದರು. ನಾನು ನನ್ನ ಮೊಬೈಲ್ ವಾಪಸ್ ಸಿಗುವವರೆಗೆ ಕಿಟಕಿಯಲ್ಲಿ ನಿಂತಿದ್ದೆ.

ಮುಂದಿನ ಸಲಕ್ಕೆ ಅವಳು ಪಾಸಾದಳು. ಅರಿವಳಿಕೆಯಲ್ಲಿ ಡಿಪ್ಲೊಮಾ ಮಾಡಿದಳು. ಆಪರೇಷನ್ನಿಗೆ ಒಳಗೆ ಹೋಗುವ ರೋಗಿಗಳು ಅವಳು ಬಂದಿದ್ದಾಳೆಯೇ ಎಂದು ಕೇಳುತ್ತಾರೆಂದು ಆಯಾಗಳು ಹೇಳುತ್ತಿದ್ದರು. ನಾನು ಮೆಡಿಸಿನ್ ಎಂ.ಡಿ. ಮಾಡಿದೆ. ನನ್ನ ರೋಗಿಗಳು ಗುಣವಾಗುತ್ತಾರೆ, ಕೈ ಮುಗಿಯುತ್ತಾರೆ, ಹೋಗುತ್ತಾರೆ.

ಅಪ್ಪ ಹೋದ ವರ್ಷ ತೀರಿಕೊಂಡರು. ಮುಂಜಾನೆ ಪೇಪರ್ ಓದುತ್ತಾ ಕುಳಿತಲ್ಲೇ ಹೃದಯ ನಿಂತಿತು. ನಾನು ಡ್ಯೂಟಿಯಲ್ಲಿದ್ದೆ, ಬರುವಷ್ಟರಲ್ಲಿ ಮುಗಿದಿತ್ತು. ಸಂಬಂಧಿಕರು, ರೈಲ್ವೆಯ ಹಳೆಯ ಗೆಳೆಯರು ಮನೆ ತುಂಬಿದರು. ನನಗೆ ಅಳು ಬರಲಿಲ್ಲ. ಬಂದವರಿಗೆ ನೀರು ಕೊಡುವುದು, ಫೋನ್ ಮಾಡುವುದು, ಕುರ್ಚಿ ತರಿಸುವುದು, ಇವೆಲ್ಲ ನನಗೆ ಬರುತ್ತವೆ. ಅದನ್ನೇ ಮಾಡುತ್ತಿದ್ದೆ.

ಮಧ್ಯಾಹ್ನ ಅವಳು ಬಂದಳು. ಹೊಸ್ತಿಲು ದಾಟುವ ಮುಂಚೆಯೇ "ಕಾಕಾ" ಎಂದು ಚೀರಿ ಅಪ್ಪನ ಕಾಲಿನ ಹತ್ತಿರ ಕುಸಿದಳು. ಆ ಹೊಲದ ದನಿಯಲ್ಲಿ ಅತ್ತಳು. ಅಲ್ಲಿಯವರೆಗೆ ಮೂಲೆಯಲ್ಲಿ ಕಲ್ಲಿನಂತೆ ಕುಳಿತಿದ್ದ ಅವ್ವ ಅವಳ ದನಿ ಕೇಳಿ ತಾನೂ ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅಪ್ಪನ ದೂರದ ಅತ್ತಿಗೆಯೊಬ್ಬರು ಗದಗಿನಿಂದ ಬಂದಿದ್ದರು. ನನ್ನನ್ನು ಸಣ್ಣವಳಿದ್ದಾಗ ಮಾತ್ರ ನೋಡಿದವರು. ಅವರು ಅವಳ ತಲೆ ಸವರಿ, "ಸಮಾಧಾನ ಮಾಡಿಕೋ ತಂಗಿ. ಒಬ್ಬಾಕೆ ಮಗಳಂತ ಭಾಳ ಜೀವ ಇಟ್ಟಿದ್ದ ನಿಮ್ಮಪ್ಪ" ಎಂದರು.

ನಾನು ಅವರಿಗೆ ಚಹಾ ಹಿಡಿದು ಎದುರಿಗೇ ನಿಂತಿದ್ದೆ. ಅವರು ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, "ನೀ ಯಾರ ಪೈಕಿ ಯವ್ವಾ?" ಎಂದರು.

ಯಾರೂ ಅವರನ್ನು ತಿದ್ದಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನೂ ತಿದ್ದಲಿಲ್ಲ.

ಅಪ್ಪನ ದಿನಕರ್ಮಗಳು ಮುಗಿದು ಬಂದವರೆಲ್ಲ ಹೋದ ಮೇಲೆ ಒಂದು ಇಳಿಹೊತ್ತು ಅವಳು ಹಿತ್ತಲಲ್ಲಿ ಪಾತ್ರೆ ಒರೆಸುತ್ತಿದ್ದಳು. ನಾನು ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದೆ.

"ಐಸಿಯುನ್ಯಾಗ ಅಪ್ಪ ನಿನ್ನ ಮುಂದ ಏನ ಹೇಳಿದ್ರು?"

ಅವಳು ಒರೆಸುತ್ತಲೇ ಇದ್ದಳು. "ಭಾಳ ಹೇಳ್ಯಾರ."

"ಏನು?"

"ಹೇಳಂಗಿಲ್ಲಲೇ."

"ನಾ ಅವರ ಮಗಳು."

"ಅದಕ್ಕ ಹೇಳಂಗಿಲ್ಲ" ಎಂದಳು. ಬಟ್ಟೆ ಕೆಳಗಿಟ್ಟು ನನ್ನ ಎದುರು ಕುಕ್ಕರಗಾಲಿನಲ್ಲಿ ಕುಳಿತಳು. "ಕೆಟ್ಟದ್ದೇನಲ್ಲ. ಅಂಜಿಕಿ ಬಂದಾಗ ಮನಷಾ ಆಡೋ ಮಾತು. ಮನಿಯವರ ಮುಂದ ಆಡಾಕ ಆಗಲಾರದ್ದಕ್ಕ ನನ್ನ ಮುಂದ ಆಡಿದ್ರು. ನನ್ನ ಮಾರಿ ಸೈತ ಕಾಣತಿರಲಿಲ್ಲ ಅವರಿಗೆ. ಅದಕ್ಕ ಆಡಿದ್ರು. ಈಗ ನಾ ನಿನಗ ಹೇಳಿದ್ರ, ಅವರು ನಿನ್ನ ಮುಂದ ಮುಚ್ಚಿಟ್ಟದ್ದನ್ನ ನಾ ತಗದು ತೋರಿಸಿದಂಗ ಆಗತೈತಿ. ಹೋದವರನ್ನ ಹಂಗ ಮಾಡಬಾರದು."

"ನನ್ನ ಬಗ್ಗೆ ಏನರ ಅಂದ್ರೇನು? ಅಷ್ಟರ ಹೇಳು."

ಅವಳು ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಹೇಳುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು.

ನನ್ನ ಅಪ್ಪನ ಒಂದು ಪಾಲು ಅವಳ ಬಳಿ ಇದೆ, ಅದು ನನಗೆ ಎಂದೂ ಸಿಗುವುದಿಲ್ಲ ಎಂದು ಆ ಹೊತ್ತು ಗೊತ್ತಾಯಿತು. ಸಿಟ್ಟು ಬಂತು. ಎದ್ದು ಒಳಗೆ ಹೋದೆ. ಅವಳು ಪಾತ್ರೆಗಳನ್ನು ಜೋಡಿಸಿಟ್ಟು, ಅವ್ವನಿಗೆ ಹೇಳಿ ಹೋದಳು. ಮರುವಾರ ಏನೂ ಆಗಿಲ್ಲವೆಂಬಂತೆ ಫೋನ್ ಮಾಡಿದಳು. ನಾನೂ ಎತ್ತಿದೆ. ಅವಳ ಜೊತೆ ಜಗಳ ಉಳಿಯುವುದಿಲ್ಲ, ಅದಕ್ಕೂ ನನಗೆ ಉರಿ.

ಅವಳು ಊರು ಬಿಟ್ಟ ಮೇಲೆ, ಹೋದ ವಾರ, ನನ್ನ ವಾರ್ಡಿನಲ್ಲಿ ಕಲಘಟಗಿ ಕಡೆಯ ಒಬ್ಬ ಮುದುಕಿ ಇದ್ದಳು. ಹೃದಯ ಸೋತಿದೆ, ಕಾಲು ಬಾತಿವೆ, ಹೆಚ್ಚು ದಿನವಿಲ್ಲ. ನಾಡಿ ನೋಡಲು ಕೈ ಹಿಡಿದೆ. ಅವಳು ನನ್ನ ಬೆರಳುಗಳನ್ನು ಹಿಡಿದುಕೊಂಡಳು, ಬಿಡಲಿಲ್ಲ. ಮಂಚದ ಅಂಚಿನಲ್ಲಿ ಕುಳಿತೆ. ಅವಳು ಮಾತಾಡಿದಳು. ತುಂಬ ಹಿಂದಿನದು, ಮನೆಯಲ್ಲಿ ಯಾರಿಗೂ ಹೇಳಿರದ್ದು. ನಾನು ಏನೂ ಹೇಳಲಿಲ್ಲ, ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಹೊರಗೆ ಬಂದರೆ ಬಾಗಿಲಲ್ಲಿ ಅವಳ ಮಗ ನಿಂತಿದ್ದ. ನಡುವಯಸ್ಸಿನವನು, ಬಿಳಿ ಟೋಪಿಯನ್ನು ಕೈಯಲ್ಲಿ ಮಡಿಸಿ ಹಿಡಿದಿದ್ದ. ಗಾಜಿನಿಂದ ಎಲ್ಲ ನೋಡಿದ್ದ.

"ಅವ್ವ ನಿಮ್ಮ ಮುಂದ ಏನೋ ಹೇಳಾಕತ್ತಿದ್ಲಲ್ರಿ ಮೇಡಂ" ಎಂದ. "ನನ್ನ ಕೂಡ ಎರಡು ದಿನಾತು, ಮಾತಾಡವಲ್ಲಳು. ಏನಂದ್ಲರಿ?"

ಅವನು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗುರುತಿತ್ತು, ಹಿತ್ತಲಲ್ಲಿ ಕುಳಿತು ನಾನು ನನ್ನ ಗೆಳತಿಯನ್ನು ನೋಡಿದ್ದು ಹಾಗೆಯೇ. ಅಂಥ ನೋಟವನ್ನು ನನ್ನ ಮೇಲೆ ಅದುವರೆಗೆ ಯಾರೂ ಹರಿಸಿರಲಿಲ್ಲ. ಹೇಳಿಬಿಡಬಹುದಿತ್ತು.

"ಅದನ್ನ ನಾ ಹೇಳಾಕ ಬರಂಗಿಲ್ರಿ ಅಣ್ಣಾರ" ಎಂದೆ. "ಅವರಿಗೆ ಎಚ್ಚರ ಐತಿ. ಒಳಗ ಹೋಗಿ ಕುಂದರ್ರಿ. ಏನೂ ಕೇಳಬ್ಯಾಡ್ರಿ, ಸುಮ್ಮನ ಕೈ ಹಿಡಕೊಂಡು ಕುಂದರ್ರಿ."

"ಈಗ ಬಿಡತಾರೇನ್ರಿ ಒಳಗ? ಭೇಟಿ ಟೈಮ್ ಮುಗದೈತಲ್ರಿ."

"ನಾ ಬಿಡತೇನಿ, ಹೋಗ್ರಿ."

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಸ್ಟೂಲು ಎಳೆದುಕೊಂಡು, ಸ್ವಲ್ಪ ಹೊತ್ತು ಅನುಮಾನಿಸಿ, ತಾಯಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಮುದುಕಿ ಕಣ್ಣು ತೆರೆದಳು. ನಾನು ಪರದೆ ಎಳೆದು ಹೊರಗೆ ನಿಂತೆ. ಒಳಗೆ ಮುದುಕಿ ಏನೋ ಹೇಳಿದಳು, ಮಗ "ಹೂಂ" ಎಂದ. ಮತ್ತೇನೋ ಹೇಳಿದಳು. ಮಾತು ನನಗೆ ತಿಳಿಯಲಿಲ್ಲ, ದನಿಯಷ್ಟೇ ಬರುತ್ತಿತ್ತು.

ಆ ಮನುಷ್ಯನನ್ನು ಕಂಡು ನನ್ನ ಹೊಟ್ಟೆ ಉರಿಯಿತು. ಆದರೂ ಪರದೆಯ ಆ ಬದಿಗೆ ಯಾರೂ ಹೋಗದಂತೆ ನಾನು ಅಲ್ಲೇ ನಿಂತಿದ್ದೆ.